ಕಣ್ಣು ಹೋದ ಕಡೆ

ಲೈಫ್ ಜಾಕೆಟ್‌ಗಳನ್ನು ಇಬ್ಬರೂ ಸೇರಿ ತೊಳೆದರು. ಚಿಕ್ಕಮ್ಮ ಸೋಪು ಹಚ್ಚಿ ಉಜ್ಜಿ ಕೊಟ್ಟದ್ದನ್ನು ಹುಡುಗಿ ಬಕೆಟ್ಟಿನಲ್ಲಿ ಜಾಲಿಸಿ ಕಂಬಿಗೆ ನೇತುಹಾಕುತ್ತಿದ್ದಳು. ಕೊನೆಯದನ್ನು ಮಾತ್ರ ಚಿಕ್ಕಮ್ಮ ಉಜ್ಜಲಿಲ್ಲ. ಅದನ್ನು ಹುಡುಗಿಯ ಮೈಗೇ ತೊಡಿಸಿ ಪಟ್ಟಿ ಬಿಗಿದಳು.

“ನಡಿ. ಇವತ್ತು ತಿರುಗಿಸಲೇಬೇಕು.”

ಸರೋವರದ ದಡದ ಆ ಶೆಡ್ಡಿನಲ್ಲಿ ಚಿಕ್ಕಮ್ಮನದು ಇಂಜಿನ್ ರಿಪೇರಿ, ಹುಡುಗಿಯದು ತೊಳೆಯುವ ಕೆಲಸ. ರಿಪೇರಿಯಾದ ಜೆಟ್ ಸ್ಕೀಗಳನ್ನು, ಅಂದರೆ ನೀರಿನ ಮೇಲೆ ಓಡುವ ಸ್ಕೂಟರಿನಂಥ ಗಾಡಿಗಳನ್ನು, ನೀರಿಗಿಳಿಸಿ ಓಡಿಸಿ ನೋಡುವುದೂ ಚಿಕ್ಕಮ್ಮನದೇ ಆಗಿತ್ತು. ಈಚೆಗೆ ಅವಳ ಮಂಡಿ ಕೈಕೊಟ್ಟಿತ್ತು. ಕೂತು ಓಡಿಸುವಂಥದ್ದು ಹೇಗೋ ನಡೆಯುತ್ತಿತ್ತು, ನಿಂತು ಓಡಿಸುವಂಥದ್ದು ಆಗದು. “ನಾಳೆ ಬೆಳಿಗ್ಗೆ ನಿಮ್ಮ ಹುಡುಗಿ ಆ ಕಿತ್ತಳೆ ಬುರುಡೇನ ಬೀಳದೆ ಸುತ್ತಿ ಬರ್ಲಿ, ಆ ಕೆಲಸ ಅವಳಿಗೇ. ಇಲ್ಲಾಂದ್ರೆ ಹೊರಗಿನೋರನ್ನ ಕರೀತೀನಿ” ಎಂದು ಅಂದು ಬೆಳಿಗ್ಗೆಯಷ್ಟೇ ಹೇಳಿದ್ದರು ಶೆಡ್ಡಿನ ಯಜಮಾನರು. ಬುರುಡೆ ಎಂದರೆ ನೀರಿನ ನಡುವೆ ಲಂಗರು ಹಾಕಿ ತೇಲಿಬಿಟ್ಟಿದ್ದ ಕಿತ್ತಳೆ ಬಣ್ಣದ ಗುರುತಿನ ಗುಂಡು.

ನಿಂತು ಓಡಿಸುವ ಗಾಡಿಯಲ್ಲಿ ಮಂಡಿಯೂರಿ ಹೊರಡುವುದು, ಮೆಲ್ಲಗೆ ಎದ್ದು ನಿಲ್ಲುವುದು ಹುಡುಗಿಗೆ ಬಂದಿತ್ತು. ತಿರುವು ಬಂದಾಗ ಮಾತ್ರ ಕೈ ಹೆದರಿ ಆಕ್ಸಿಲರೇಟರ್ ಬಿಟ್ಟುಬಿಡುತ್ತಿತ್ತು. ಗಾಡಿ ಹಿಡಿಕೆಯ ಮಾತು ಕೇಳದೆ ನೆಟ್ಟಗೆ ಜಾರುತ್ತಿತ್ತು, ಅವಳು ಪಕ್ಕಕ್ಕೆ ಬೀಳುತ್ತಿದ್ದಳು.

“ಸೈಕಲ್ ಅಂದ್ಕೊಂಡ್ಯಾ? ಹಿಂದಿಂದ ನೀರು ಚಿಮ್ಮಿದ್ರೆ ತಾನೆ ಅದು ತಿರುಗೋದು! ಬಿಡ್ಬೇಡ. ಮಂಡಿ ಬಗ್ಗಿಸು, ಎಡಕ್ಕೆ ವಾಲು, ಹಿಡಿದೇ ಇರು!” ನೀರಿನೊಳಕ್ಕೆ ಚಾಚಿದ ಹಲಗೆಯ ಕಟ್ಟೆಯ ಮೇಲಿಂದ ಚಿಕ್ಕಮ್ಮ ಕೂಗಿದಳು.

ನಾಲ್ಕನೆಯ ಸಲ ಹುಡುಗಿ ಬಿಡಲಿಲ್ಲ. ಗಾಡಿ ವಾಲಿತು, ತಿರುಗತೊಡಗಿತು. ಆದರೆ ಬುರುಡೆಯನ್ನು ಸುತ್ತುವ ಬದಲು ಅರ್ಧದಲ್ಲೇ ಕಟ್ಟೆಯ ಕಡೆ ನುಗ್ಗಿತು. ಐದನೆಯ ಸಲವೂ ಅಷ್ಟೇ, ಆರನೆಯ ಸಲವೂ ಅಷ್ಟೇ. ಆರನೆಯ ಸಲವಂತೂ ಚಿಕ್ಕಮ್ಮ ಮಂಡಿನೋವು ಮರೆತು ಹಿಂದಕ್ಕೆ ಹಾರಿದಳು.

“ನನ್ನನ್ನೇ ಗುದ್ದೋಕ್ ಬರ್ತೀಯೇನೇ, ಕೃತಘ್ನೆ!” ಎಂದು ನಕ್ಕವಳು ಥಟ್ಟನೆ ನಗು ನಿಲ್ಲಿಸಿ ಕೇಳಿದಳು. “ಏ, ತಿರುಗುವಾಗ ಎಲ್ಲಿ ನೋಡ್ತಿದ್ದೀಯ?”

ಹುಡುಗಿ ತಲೆ ತಗ್ಗಿಸಿದಳು. “ನಿನ್ನನ್ನ.”

“ಯಾಕೆ?”

“ಸರಿಯಾಯ್ತಾ ಅಂತ.”

ಶಾಲೆ ಬಿಟ್ಟು, ಯಾರ ಮುಖವನ್ನೂ ನೋಡದೆ ಮನೆಯ ಮೂಲೆ ಹಿಡಿದಿದ್ದವಳನ್ನು ಕೈ ಹಿಡಿದು ಇಲ್ಲಿಗೆ ಕರೆತಂದವಳು ಚಿಕ್ಕಮ್ಮನೇ. ನಿನ್ನ ಕೈಲಿ ಏನಾಗುತ್ತೆ ಎಂದು ಆ ದಿನ ಎಲ್ಲರೂ ಕೇಳಿದ್ದರು. ಚಿಕ್ಕಮ್ಮ ಒಬ್ಬಳೇ, “ಆ ಸ್ಪ್ಯಾನರ್ ಕೊಡು” ಎಂದಿದ್ದಳು. ಅಂದಿನಿಂದ ಹುಡುಗಿ ಏನು ಮಾಡಿದರೂ ಒಮ್ಮೆ ಆ ಮುಖದ ಕಡೆ ನೋಡುವುದು ರೂಢಿಯಾಗಿಬಿಟ್ಟಿತ್ತು.

“ಕಣ್ಣು ಎಲ್ಲಿ ಹೋಗುತ್ತೋ ಗಾಡಿನೂ ಅಲ್ಲಿಗೇ ಹೋಗುತ್ತೆ ಕಣೇ” ಎಂದಳು ಚಿಕ್ಕಮ್ಮ. “ನಾನಿಲ್ಲಿ ನಿಂತಿರೋವರೆಗೂ ನೀನು ತಿರುಗೋದಿಲ್ಲ.”

“ಹೋಗ್ಬೇಡ. ಬಿದ್ರೆ?”

“ಇಂಜಿನ್ ನಿಂತ್ರೆ ನಂಗೆ ಕೇಳ್ಸಲ್ವಾ? ಕುಂಟ್ಕೊಂಡಾದ್ರೂ ಬರ್ತೀನಿ.” ಅವಳು ಶೆಡ್ಡಿನೊಳಗೆ ಹೋಗಿ ತಗಡಿನ ಬಾಗಿಲು ಎಳೆದುಕೊಂಡಳು.

ಕಟ್ಟೆ ಖಾಲಿಯಾಯಿತು. ಹುಡುಗಿ ಮಂಡಿಯೂರಿ ಹೊರಟಳು, ಎದ್ದು ನಿಂತಳು. ಬುರುಡೆ ಹತ್ತಿರವಾದಾಗ ರೂಢಿಯಂತೆ ಕತ್ತು ಕಟ್ಟೆಯ ಕಡೆ ಹೊರಳಿತು. ಅಲ್ಲಿ ನೋಡಲು ಯಾರೂ ಇರಲಿಲ್ಲ. ಕಣ್ಣನ್ನು ಕಿತ್ತು ತಂದಂತೆ ತಂದು ಬುರುಡೆಯ ಆಚೆಗಿನ ಬರಿಯ ನೀರಿನ ಮೇಲೆ ಇಟ್ಟಳು. ಮಂಡಿ ಬಗ್ಗಿತು. ಮೈ ಎಡಕ್ಕೆ ವಾಲಿತು. ಬೆರಳು ಬಿಡಲಿಲ್ಲ. ಗಾಡಿ ಅಂಚಿನ ಮೇಲೆ ಏರಿ, ಬಲಗಡೆ ಬಿಳಿ ನೊರೆಯ ಬೀಸಣಿಗೆ ಬಿಚ್ಚುತ್ತಾ ಪೂರ್ತಿ ಒಂದು ಸುತ್ತು ಬಂದಿತು. ನಂಬಿಕೆಯಾಗದೆ ಇನ್ನೊಂದು ಸುತ್ತು ಹಾಕಿದಳು, ಆಮೇಲೆ ಆಸೆಗೆಂದೇ ಮತ್ತೊಂದು.

ಇಂಜಿನ್ ಆರಿಸಿ ದಡಕ್ಕೆ ತೇಲಿಬಂದಳು. ಇಂಜಿನ್ ನಿಂತರೂ ಯಾರೂ ಓಡಿ ಬರಲಿಲ್ಲ. ಬಿದ್ದು ನಿಂತ ಇಂಜಿನ್ನಿಗೂ ಆರಿಸಿದ ಇಂಜಿನ್ನಿಗೂ ಇರುವ ವ್ಯತ್ಯಾಸ ಚಿಕ್ಕಮ್ಮನ ಕಿವಿಗೆ ಗೊತ್ತು. ಅವಳಿಗೆ ಹೇಳಬೇಕಾದ ಕೃತಜ್ಞತೆಯ ಮಾತು ಇಷ್ಟು ವರ್ಷಗಳಲ್ಲಿ ಮೊದಲ ಸಲ ಹುಡುಗಿಯ ನಾಲಿಗೆಯ ತುದಿಗೆ ಬಂದಿತ್ತು. ಒದ್ದೆ ಬಟ್ಟೆಯಲ್ಲೇ ಶೆಡ್ಡಿನ ಮುಂದೆ ಹೋಗಿ ನಿಂತಳು.

ತಗಡಿನ ಬಾಗಿಲು ನೆಲದಿಂದ ಗೇಣುದ್ದ ಮೇಲಕ್ಕೇ ನಿಲ್ಲುತ್ತಿತ್ತು. ಆ ಸಂದಿಯಲ್ಲಿ ಗ್ರೀಸ್ ಮೆತ್ತಿದ ರಬ್ಬರ್ ಚಪ್ಪಲಿ ತೊಟ್ಟ ಎರಡು ಪಾದಗಳು ಕಂಡವು. ನೋಯುವ ಕಾಲಿನದು ತುಸು ಓರೆಯಾಗಿ, ಎರಡೂ ಬಾಗಿಲಿಗೆ ಒತ್ತಿಕೊಂಡು, ಸರೋವರದ ಕಡೆಗೇ ಮುಖ ಮಾಡಿ ನಿಂತಿದ್ದವು.

“ಚಿಕ್ಕಮ್ಮಾ, ಬಾಗಿಲು ತೆಗಿ.”