ಪಾಚಿಯ ಪಾತ್ರ

"ಎಲ್ಲರ ಮಕ್ಕಳೂ ಹೂವು, ಚಿಟ್ಟೆ, ಮನುಷ್ಯ. ನನ್ನ ಮಗಳು ಮಾತ್ರ ಪಾಚಿಯಾ ಮೇಷ್ಟ್ರೇ?"

ಹೊಲಿಗೆ ಯಂತ್ರದ ಮುಂದಿನಿಂದ ಎದ್ದ ಟೈಲರಮ್ಮ ಶಾಲೆಯ ಸಭಾಂಗಣಕ್ಕೆ ನೇರವಾಗಿ ನುಗ್ಗಿದ್ದಳು. ಅಳತೆಪಟ್ಟಿ ಇನ್ನೂ ಕೊರಳಲ್ಲೇ ಇತ್ತು. ವಾರ್ಷಿಕೋತ್ಸವದ 'ಭೂಮಿಯ ಕಥೆ' ನಾಟಕದ ಅಷ್ಟೂ ವೇಷ ಹೊಲಿದವಳು ಅವಳೇ. ಹೂವಿನ ನಲವತ್ತು ಎಸಳು ಮಡಿಚಿ ಹೊಲಿಯುವಾಗ ಬೆರಳು ಚುಚ್ಚಿಸಿಕೊಂಡಿದ್ದಳು. ಮನುಷ್ಯನ ಕೋಟಿಗೆ ಚಿನ್ನದ ಬಣ್ಣದ ಎಂಟು ಗುಂಡಿ ಇಟ್ಟಿದ್ದಳು. ಸ್ವಂತ ಮಗಳ ಪಾಲಿಗೆ ಬಂದದ್ದು ಒಂದು ಹಸಿರು ಹೊದಿಕೆ. ಟೈಲರಮ್ಮನ ಮಗಳು ತಾನೇ, ನೆಲದ ಮೇಲೆ ಬಿದ್ದಿರಲಿ ಎಂದುಕೊಂಡಿದ್ದಾರೆ ಎಂದು ಅವಳಿಗೆ ಸಂಕಟ.

ವಿಜ್ಞಾನದ ಮೇಷ್ಟ್ರ ನಿವೃತ್ತಿಗೆ ಇನ್ನು ಇಪ್ಪತ್ತೇ ದಿನ. ಹಾಗಾಗಿ ಈಚೆಗೆ ಯಾರ ಕೋಪವೂ ಅವರಿಗೆ ನಾಟುತ್ತಿರಲಿಲ್ಲ. "ಕೂತ್ಕೊಳ್ಳಿ. ತಾಲೀಮು ನೋಡಿ, ಆಮೇಲೆ ಬೈಯುವಿರಂತೆ. ನಲವತ್ತಾರು ನಿಮಿಷದ ನಾಟಕ. ಒಂದು ನಿಮಿಷಕ್ಕೆ ಹತ್ತು ಕೋಟಿ ವರ್ಷ. ಭೂಮಿ ಹೇಗೆ ನಡ್ಕೊಂಡು ಬಂತೋ ಹಾಗೇ, ಒಂಚೂರೂ ಆಚೀಚೆ ಇಲ್ಲ."

ಮುಂದಿನ ಸಾಲಿನಲ್ಲಿ ಮುಖ್ಯೋಪಾಧ್ಯಾಯಿನಿ ಆಗಲೇ ಬಂದು ಕೂತಿದ್ದರು. ಮನುಷ್ಯನ ಪಾತ್ರ ಅವರ ಮೊಮ್ಮಗನದು. ಅದನ್ನು ಅವರೇ ಪಟ್ಟುಹಿಡಿದು ಕೊಡಿಸಿದ್ದರು. ಅವನಾಡುವ ಎರಡು ಪುಟದ ಭಾಷಣವನ್ನೂ ಅವರೇ ಬರೆದಿದ್ದರು.

ಗಂಟೆ ಹೊಡೆಯಿತು. ಕಪ್ಪು ಗೋಣಿ ಹೊದ್ದ ನಾಲ್ಕು ಬಂಡೆಗಳನ್ನು ಬಿಟ್ಟರೆ ಹತ್ತು ನಿಮಿಷ ವೇದಿಕೆಯ ಮೇಲೆ ನರಪಿಳ್ಳೆಯಿಲ್ಲ. ಹನ್ನೊಂದನೆಯ ನಿಮಿಷಕ್ಕೆ ಹಸಿರು ಹೊದಿಕೆ ತೆವಳಿಕೊಂಡು ಬಂದು ನಟ್ಟನಡುವೆ ಕುಕ್ಕರಿಸಿತು. ಉಬ್ಬಿತು, ಇಳಿಯಿತು, ಮತ್ತೆ ಉಬ್ಬಿತು.

"ಏನ್ಮಾಡ್ತಿದಾಳೆ?" ಟೈಲರಮ್ಮ ಪಿಸುಗುಟ್ಟಿದಳು.

"ಗಾಳಿ ಮಾಡ್ತಿದಾಳೆ. ನಾವೆಲ್ಲ ಉಸಿರಾಡೋ ಗಾಳಿ. ಬಿಸಿಲು ತಿಂದು ಗಾಳಿ ಬಿಡೋ ವಿದ್ಯೆ ಮೊದಲು ಕಲಿತೋಳು ಇವಳೇ. ಮರಗಿಡಗಳ ಹಸಿರೆಲ್ಲ ಇವಳು ಕೊಟ್ಟ ಬಳುವಳಿ."

ಇಪ್ಪತ್ತನೆಯ ನಿಮಿಷಕ್ಕೂ ಪಾಚಿ, ಮೂವತ್ತಕ್ಕೂ ಪಾಚಿ. ಹೂವು, ಚಿಟ್ಟೆ, ಮನುಷ್ಯ ಎಲ್ಲರೂ ಪರದೆಯ ಸಂದಿಯಲ್ಲಿ ಬೆವರುತ್ತ ಅವಳನ್ನೇ ನೋಡುತ್ತಿದ್ದರು. ಟೈಲರಮ್ಮ ಮೊದಮೊದಲು ಆಕಳಿಸಿದಳು. ಆಮೇಲೆ, ಅರ್ಧ ಗಂಟೆಯಿಂದ ಎಲ್ಲರ ಕಣ್ಣೂ ತನ್ನ ಮಗಳ ಮೇಲೇ ಇದೆಯೆಂದು ಹೊಳೆದು ಬೆನ್ನು ನೆಟ್ಟಗೆ ಮಾಡಿ ಕೂತಳು. ಹೆಮ್ಮೆಯಲ್ಲಿ ಜಗಳ ಮರೆತೇಹೋಯಿತು. ನಲವತ್ತು ದಾಟಿದ ಮೇಲೆ ಮೀನು ಬಂತು. ಅದರ ಹಿಂದೆ ಮೊದಲ ಗಿಡ ಹೆದರಿ ಹೆದರಿ ನೆಲಕ್ಕೆ ಕಾಲಿಟ್ಟಿತು. ಮರಗಳು ಬಂದವು. ಅಷ್ಟು ಎಸಳಿನ ಹೂವಿಗೆ ಸಿಕ್ಕಿದ್ದು ಒಂದೂಕಾಲು ನಿಮಿಷ. ಎಲ್ಲಕ್ಕೂ ಕೊನೆಗೆ ಬಂದ ಮನುಷ್ಯ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಗಂಟೆ ಹೊಡೆದು ಪರದೆ ಬಿತ್ತು.

ಮುಖ್ಯೋಪಾಧ್ಯಾಯಿನಿ ಎದ್ದು ನಿಂತರು. "ಮೇಷ್ಟ್ರೇ, ಅವನ ಭಾಷಣ?"

"ಲೆಕ್ಕದ ಪ್ರಕಾರ ಅವನಿಗೆ ಒಂದು ಸೆಕೆಂಡೂ ಇಲ್ಲ ಮೇಡಂ. ನಿಮ್ಮ ಮುಖ ನೋಡಿ ಸ್ವಲ್ಪ ಜಾಸ್ತೀನೇ ಕೊಟ್ಟಿದೀನಿ."

"ಹಾಗಾದ್ರೆ ಪಾಚಿ ನನ್ನ ಮೊಮ್ಮಗನಿಗಿರ್ಲಿ. ಆ ಹುಡುಗಿ ಮನುಷ್ಯ ಆಗ್ಲಿ." ಅವರು ಟೈಲರಮ್ಮನತ್ತ ತಿರುಗಿ ನಕ್ಕರು. "ನೀವೂ ಅದನ್ನೇ ಕೇಳೋಕೆ ಬಂದಿದ್ದು ಅಲ್ವಾ?"

ಒಂದು ಗಂಟೆ ಹಿಂದೆಯಾಗಿದ್ದರೆ ಟೈಲರಮ್ಮ ಕೈಮುಗಿಯುತ್ತಿದ್ದಳು. ಈಗ ಕೊರಳಿನ ಅಳತೆಪಟ್ಟಿ ಹಿಡಿದುಕೊಂಡು ಎದ್ದು ನಿಂತಳು. ಕೈಗೆ ಬಂದ ತುತ್ತು ಬಾಯಿಗಿಲ್ಲ ಎಂದರೆ ಹೇಗೆ?

"ಆಗಲ್ಲ ಮೇಡಂ. ಆ ವೇಷ ನನ್ನ ಮಗಳ ಅಳತೆಗೇ ಮಾಡಿದ್ದು."

"ಹೊದಿಕೆಗೆಂಥ ಅಳತೆ?"

"ನೋಡೋರಿಗೆ ಅದು ಹೊದಿಕೆ ಮೇಡಂ. ಅದರ ಕಷ್ಟ ಹೊಲಿಯೋರಿಗೇ ಗೊತ್ತು," ಎಂದಳು ಟೈಲರಮ್ಮ, ಆ ಹೊದಿಕೆಗೆ ಒಂದು ಹೊಲಿಗೆಯನ್ನೂ ಹಾಕಿರದವಳು. ಮೇಷ್ಟ್ರು ಕನ್ನಡಕ ಒರೆಸುವ ನೆಪದಲ್ಲಿ ಆಚೆ ತಿರುಗಿದರು.

ಮುಖ್ಯೋಪಾಧ್ಯಾಯಿನಿಯ ದನಿ ಇಳಿಯಿತು. "ಪಾಪ, ಹದಿನೈದು ದಿನದಿಂದ ಬಾಯಿಪಾಠ ಮಾಡಿದಾನೆ. ಮನುಷ್ಯ ಕಾಲು ಗಂಟೆ ಮುಂಚೆ ಬಂದ್ರೆ ಭೂಮಿಗೇನು ನಷ್ಟ ಹೇಳಿ?"

ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಟೈಲರಮ್ಮ ಹೇಳಿದಳು: "ಭೂಮಿಗೇನಿಲ್ಲ ಮೇಡಂ, ಮಗೂಗೆ ಉಸಿರು ಕಟ್ಟುತ್ತೆ. ನನ್ನ ಮಗಳು ಗಾಳಿ ಮಾಡಿ ಮುಗಿಸೋವರೆಗೂ ಹೊರಗೇ ಕಾಯ್ಲಿ."