ಮುಚ್ಚಿದ ವಾಲ್ವ್

ಮಚ್ಚು ಹಿಡಿದ ಇಬ್ಬರು ಅಟ್ಟಿಸಿಕೊಂಡು ಬಂದಾಗ ರೆಸಾರ್ಟ್ ಮಾಲೀಕ ಲೋಕಪ್ಪ ತನ್ನದೇ ಮರದ ಡೆಕ್ಕಿನ ಕೆಳಗೆ ತೆವಳಿಕೊಂಡು ಹೋದ. ಮೊಣಕಾಲೆತ್ತರದ ಜಾಗ, ಕೂರಲೂ ಆಗದು.

"ನಮ್ಮ ತಮ್ಮನ್ನ ಕೊಂದು ಇಲಿ ಥರ ಅಡಗ್ತೀಯೇನೋ? ಬಾರೋ ಹೊರಗೆ!"

"ಬರಲ್ಲ. ಅದೇನ್ ಕಿತ್ಕೋತೀರೋ ಕಿತ್ಕೊಳ್ರೋ."

ಅವರು ಪೆಟ್ರೋಲ್ ಸುರಿದು ಕಡ್ಡಿ ಗೀರಿದರು. ಕೆಳಗಿದ್ದ ತರಗೆಲೆ ಧಗ್ಗನೆ ಹತ್ತಿಕೊಂಡಿತು. ಲೋಕಪ್ಪ ಹೆದರಲಿಲ್ಲ. ಬೆಂಕಿ ಆರಿಸುವ ಸ್ಪ್ರಿಂಕ್ಲರ್ ಅವನ ನೆತ್ತಿಯ ಮೇಲೆಯೇ ಇತ್ತು. ನೀರು ತಡೆದಿಡುವ ಅದರ ಗಾಜಿನ ಬುರುಡೆ ಶಾಖಕ್ಕೆ ಫಟ್ಟನೆ ಒಡೆಯಿತು.

ನೀರು ಬರಲಿಲ್ಲ.

ಆಗ ನೆನಪಾಯಿತು. ಯಾರೋ ಎಸೆದ ಸಿಗರೇಟಿನಿಂದ ಒಮ್ಮೆ ಎಲೆ ಹೊತ್ತಿ, ನೀರು ಹಲಗೆ ಸಂದಿಯಿಂದ ಚಿಮ್ಮಿ, ಡೆಕ್ಕಿನ ಮೇಲಿದ್ದ ಗಿರಾಕಿಗಳ ಬಟ್ಟೆಯೆಲ್ಲ ಒದ್ದೆಯಾಗಿತ್ತು. ಅಂದಿನಿಂದ ಅದರ ನೀರಿನ ವಾಲ್ವ್ ಮುಚ್ಚಿಸಿಬಿಟ್ಟಿದ್ದ; ತಪಾಸಣೆಯವರು ಬಂದಾಗ ಮಾತ್ರ ತೆರೆಸುತ್ತಿದ್ದ.

ಹೊಗೆಯಲ್ಲಿ ಕಣ್ಣು ಕಿರಿದು ಮಾಡಿ ಹೊರಗೆ ನೋಡಿದ. ವಾಲ್ವಿನ ಪಕ್ಕದಲ್ಲೇ ಹೆಂಡತಿ ನಿಂತಿದ್ದಳು. ಕಾಲುಗಳು ಮಾತ್ರ ಕಾಣುತ್ತಿದ್ದವು.

"ವಿಶಾಲೂ! ವಾಲ್ವ್ ತಿರುಗಿಸೇ! ಬೇಗ!"

ಕಾಲುಗಳು ಅಲುಗಲಿಲ್ಲ.

"ಬಟ್ಟೆ ಹತ್ಕೊಂತು ಕಣೇ! ತಿರುಗಿಸೇ!"

"ಯಾವ ಕೈಲಿ ತಿರುಗಿಸಲಿ ರೀ? ಬೆಳಿಗ್ಗೆ ಎರಡನ್ನೂ ನೀವೇ ಮುರಿದು ಹಾಕಿದ್ರಲ್ಲ."