ಪಾಳಿ ಒಪ್ಪಿಸಿ ಬಂದ ಮೇಲೆ

“ನೀನು ಇಲ್ಲೇನು ಮಾಡ್ತಿದ್ದೀಯೋ?” ಚುಕ್ಕಾಣಿ ಕೋಣೆಯಿಂದ ಇಳಿಯುತ್ತಿದ್ದ ದೊಡ್ಡ ಮೇಟ್, ಅಂದರೆ ಕ್ಯಾಪ್ಟನ್ನರ ಕೈಕೆಳಗಿನ ಹಿರಿಯ ಅಧಿಕಾರಿ, ಹಡಗಿನ ಇಕ್ಕಟ್ಟಾದ ಮೆಟ್ಟಿಲ ಮೇಲೆ ಗಕ್ಕನೆ ನಿಂತರು. ಕೆಳಗಿನಿಂದ ಚಿಕ್ಕ ಮೇಟ್ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಾ ಹತ್ತಿ ಬರುತ್ತಿದ್ದ.

“ಪಾಳಿಗೆ ಬರ್ತಿದ್ದೀನಿ ಅಣ್ಣಾ. ನೀವ್ಯಾಕೆ ಇಳಿದು ಬಂದ್ರಿ?”

“ಯಾಕೆ ಅಂದ್ರೆ? ಆಗ್ಲೇ ನಿನಗೆ ಒಪ್ಪಿಸಿ ಬಂದ್ನಲ್ಲೋ! ಎಡಗಡೆ ಮೀನಿನ ದೋಣಿಗಳಿವೆ, ಹುಷಾರು ಅಂತ ಹೇಳಿದ್ದಕ್ಕೆ ತಲೆ ಬೇರೆ ಆಡಿಸಿದ್ಯಲ್ಲ!”

“ನಾನಾ? ನಾನು ಈಗ ತಾನೇ ಎದ್ದೆ ಅಣ್ಣಾ.”

ದೊಡ್ಡ ಮೇಟ್‌ಗೆ ರೇಗಿಹೋಯಿತು. ಪಾಳಿ ವಾರವಾರವೂ ಬದಲಾಗಿ ಬದಲಾಗಿ ಅವರ ನಿದ್ದೆ ಹದಗೆಟ್ಟಿದ್ದೇನೋ ನಿಜ. ಮೆಟ್ಟಿಲ ಕಿಟಕಿಯಲ್ಲಿ ಬಿದ್ದ ಬಿಸಿಲು ಬೆಳಗಿನದೋ ಸಂಜೆಯದೋ ಎಂದು ಯಾರಾದರೂ ಕೇಳಿದ್ದರೆ ತಡವರಿಸುತ್ತಿದ್ದರು. ಆದರೆ ಇದು ಕಣ್ಣಾರೆ ಕಂಡದ್ದು. ಇವನು ಎದುರಿಗೇ ನಿಂತಿದ್ದ. ತಮ್ಮ ಕೊರಳಿನ ದುರ್ಬೀನು ತೆಗೆದು ಇವನ ಕೊರಳಿಗೆ ಹಾಕಿದ್ದರು. ಪಾಳಿ ಕೈ ಬದಲಾಯಿತು ಎನ್ನುವುದಕ್ಕೆ ಈ ಹಡಗಿನಲ್ಲಿ ಅದೇ ಗುರುತು. ‘ಹೋಗಿ ಮಲಗಿ ಅಣ್ಣಾ’ ಎಂದಿದ್ದ. ಕಾಲಿಗೆ ಕೆಂಪು ಚಪ್ಪಲಿ ಹಾಕಿಕೊಂಡಿದ್ದ, ಪಟ್ಟಿಯ ಮೇಲೆ ಪುಟ್ಟ ಚಿಟ್ಟೆ ಇರುವಂಥದ್ದು.

ಆ ಚಪ್ಪಲಿ ಊರಲ್ಲಿ ಮನೆಯಲ್ಲಿರುವ ತಮ್ಮ ಮಗಳದು.

“ಅಣ್ಣಾ...” ಚಿಕ್ಕ ಮೇಟ್‌ನ ದನಿ ಉಡುಗಿತ್ತು. ಅವನು ಅವರ ಮುಖ ನೋಡುತ್ತಿರಲಿಲ್ಲ, ಎದೆ ನೋಡುತ್ತಿದ್ದ. ದೊಡ್ಡ ಮೇಟ್‌ರ ಕೈ ತಾನಾಗಿಯೇ ಅಲ್ಲಿಗೆ ಹೋಯಿತು. ದುರ್ಬೀನು ಅವರ ಕೊರಳಲ್ಲೇ ಇತ್ತು. ಕಾಲ ಕೆಳಗೆ ಹಡಗು, ಚುಕ್ಕಾಣಿ ಕೋಣೆಯಲ್ಲಿ ನೋಡಿಕೊಳ್ಳುವವರು ಒಬ್ಬರೂ ಇಲ್ಲದೆ, ತನ್ನ ಪಾಡಿಗೆ ತಾನು ಪೂರ್ತಿ ವೇಗದಲ್ಲಿ ಹೋಗುತ್ತಲೇ ಇತ್ತು.